ಬದಲಿ ಕೈ

ಬಾಗಿಲು ಸ್ವಲ್ಪ ಎಳಕೊಳ್ಳಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಮಾಜಾಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಚಂದನಾಗೆ ಆದದ್ದು. ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ, ನಡುವೆ ನಗಬೇಡಿ.

ಕಳೆದ ಚಳಿಗಾಲ. ಕಾರವಾರದಲ್ಲಿ ತುರ್ತು ಚಿಕಿತ್ಸೆಯ ತರಬೇತಿ ನಡೆಯುತ್ತಿತ್ತು. ಅವಘಡವಾದಲ್ಲಿಗೆ ಮೊದಲು ಓಡುವವರು ಅಂಬುಲೆನ್ಸ್ ಬರುವ ತನಕ ಏನು ಮಾಡಬೇಕು, ಏನು ಮಾಡಬಾರದು... ಅದನ್ನು ಕಲಿಸುವುದು. ಚಂದನಾ ಸೇರಿದ್ದಳು. ಬೆಳಿಗ್ಗೆ ಅವ್ವನ ಜೊತೆ ಮೀನು ಮಾರ್ಕೆಟ್ಟು, ಮಧ್ಯಾಹ್ನ ತರಬೇತಿ, ಸಂಜೆ ಅಂಬುಲೆನ್ಸಿನಲ್ಲಿ ಓಡಾಟ. ಮೀನುಗಾರರ ಮನೆ ಹುಡುಗಿ, ದುಡಿಮೆಗೆ ಹೆದರುವವಳಲ್ಲ. ಆದರೂ ಆ ದಿನ ಸೋತು ಸುಣ್ಣವಾಗಿದ್ದಳು. ಕೊನೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ. ಕಂಡಕ್ಟರ್ ಎಬ್ಬಿಸದಿದ್ದರೆ ಗೋವಾ ಗಡಿ ನೋಡಿಕೊಂಡೇ ಬರುತ್ತಿದ್ದಳು.

ಇಳಿದು ನಡೆದಳು. ಪಟ್... ಪಟ್... ತನ್ನದೇ ಚಪ್ಪಲಿಯ ಸದ್ದು. ಆಲದ ಮರದ ತಿರುವಿನಲ್ಲಿ ಒಂದು ಬಾವಿ ಇದೆ. ಒಂದು ಬದಿಯ ಕಟ್ಟೆ ಕುಸಿದು ವರ್ಷವಾಯಿತು. ಕಟ್ಟಿಸುತ್ತೇವೆ ಅಂದವರು ಇನ್ನೂ ಅನ್ನುತ್ತಲೇ ಇದ್ದಾರೆ.

ಅಲ್ಲಿಗೆ ಬಂದಾಗ... ಕಿರ್ರ್... ಕಿರ್ರ್... ರಾಟೆ ತಿರುಗಿದ ಸದ್ದು. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಎಳೆದ ಹಾಗೆ... ಸರ್ರ್... ಆಮೇಲೆ ಏನೂ ಇಲ್ಲ.

ಇಷ್ಟು ಹೊತ್ತಿಗೆ ನೀರು ಸೇದುವವರು ಯಾರಪ್ಪಾ ಎಂದು ಮೊಬೈಲಿನ ಬೆಳಕು ಹಾಕಿದಳು.

ಬಾವಿಯ ಪಕ್ಕ ದತ್ತಾ ಬಿದ್ದಿದ್ದ. ನೆರೆಮನೆಯವ, ಎರಡು ಸಣ್ಣ ಮಕ್ಕಳ ತಂದೆ. ಗೋವಾದಲ್ಲಿ ಕೆಲಸ. ರಾತ್ರಿ ಬಂದವನು ಆ ಬಾವಿಯಲ್ಲೇ ನಾಲ್ಕು ಕೊಡ ಸುರಿದುಕೊಂಡು ಮನೆಗೆ ಹೋಗುವುದು ರೂಢಿ. ಮೈಯೆಲ್ಲ ನೀರು. ಅಲುಗಾಟವಿಲ್ಲ. ಮರದ ನೆರಳಿನಲ್ಲಿ ಇನ್ನೊಬ್ಬ ನಿಂತಿದ್ದ.

"ಬಾವಿಗೆ ಬಿದ್ದಿದ್ದ..." ಪಿಸುದನಿ. "ಎತ್ತಿ ಹಾಕ್ದೆ."

ಯಾರು ಏನು ಎಂದು ಕೇಳಲು ಪುರಸೊತ್ತೆಲ್ಲಿ? ದತ್ತಾನ ಭುಜ ತಟ್ಟಿದಳು. "ದತ್ತಾ ಭಾವಾ! ಓ ದತ್ತಾ ಭಾವಾ!" ಇಲ್ಲ. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗಿನ ಹತ್ತಿರ ಕಿವಿ ಇಟ್ಟಳು. ಉಸಿರಿಲ್ಲ. 108ಕ್ಕೆ ಫೋನ್ ಹಚ್ಚಿ ಜಾಗ ಹೇಳಿದಳು. ಮೊಬೈಲನ್ನು ಕಲ್ಲಿಗೆ ಒರಗಿಸಿಟ್ಟಾಗ ಬೆಳಕು ದತ್ತಾನ ಎದೆಯ ಮೇಲಷ್ಟೇ ಬಿತ್ತು. ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ನೀರಿನಲ್ಲಿ ಮುಳುಗಿದವನಿಗೆ ಮೊದಲು ಬೇಕಾದದ್ದು ಉಸಿರು. ಎದೆ ಏರಿತು, ಇಳಿಯಿತು. ತಾನಾಗಿ ಮತ್ತೆ ಏರಲಿಲ್ಲ.

ಎದೆಯ ನಡುವೆ ಕೈ ಮೇಲೆ ಕೈ ಇಟ್ಟು ಒತ್ತತೊಡಗಿದಳು. ಒಂದು, ಎರಡು, ಮೂರು... ಮೂವತ್ತು. ಎರಡು ಉಸಿರು. ಮತ್ತೆ ಒಂದು, ಎರಡು...

"ಹೊಟ್ಟೆ ಒತ್ತುದಿಲ್ವಾ?" ನೆರಳಿನವ ಕೇಳಿದ.

ನಮ್ಮ ಕಡಲ ಬದಿಯಲ್ಲಿ ಮುಳುಗಿದವನನ್ನು ದಡಕ್ಕೆ ತಂದರೆ ಮೊದಲು ಮಾಡುವುದು ಅದನ್ನೇ. ದೋಣಿ ಮಗುಚಿ ಹಾಕಿ, ಅದರ ಬೆನ್ನಿನ ಮೇಲೆ ಬೋರಲು ಮಲಗಿಸಿ, ಹೊಟ್ಟೆ ಅಮುಕಿ ನೀರು ಕಕ್ಕಿಸುವುದು. ಅಜ್ಜಂದಿರು ಮಾಡಿದ್ದು, ಈಗಿನವರೂ ಮಾಡುತ್ತಾರೆ. ಜೀವ ಉಳಿಯಲಿ ಅಂತಲೇ ಮಾಡುವುದು, ಪಾಪ. ತರಬೇತಿಯ ನಾಗರತ್ನಾ ಮೇಡಂ ಮೊದಲ ದಿನವೇ ಬೈದು ಹೇಳಿದ್ದರು: ಹೊಟ್ಟೆಯ ನೀರು ಕೊಲ್ಲುವುದಿಲ್ಲ, ಉಸಿರಿಲ್ಲದೆ ಕಳೆದ ಹೊತ್ತು ಕೊಲ್ಲುತ್ತದೆ. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಮೇಲೆ ಬಂದು ಉಸಿರಿನ ದಾರಿಯನ್ನೇ ಕಟ್ಟುತ್ತದೆ.

"ಹೊಟ್ಟೆ ಮುಟ್ಲೇಬಾರ್ದು," ಅಂದಳು ಏದುಸಿರಿನಲ್ಲಿ.

"ಹಂಗಾ..."

ತೋಳು ಸೋಲತೊಡಗಿತು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಸೋತ ಕೈ ಒತ್ತಿದ ಹಾಗೆ ಕಾಣುತ್ತದೆಯೇ ಹೊರತು ಒತ್ತುವುದಿಲ್ಲ. ಅದೂ ಮೇಡಂ ಹೇಳಿದ್ದೇ. ಈಗ ತನ್ನ ಕೈ ಬರೀ ಮೇಲೆ ಮೇಲೆ ಆಡುತ್ತಿದೆ, ಹೀಗಾದರೆ ದತ್ತಾ ಉಳಿಯುವುದಿಲ್ಲ... ಚಂದನಾಗೆ ಅಳುವೇ ಬಂತು.

"ಬನ್ನಿ, ನೀವು ಒತ್ತಿ. ನನ್ನ ಕೈ ಸೋತದೆ. ಇಲ್ಲಿ... ಮೊಣಕೈ ಮಡಚ್ಬೇಡಿ. ಜೋರು."

ಅವನು ಎದುರಿಗೆ ಬಂದು ಮೊಣಕಾಲೂರಿದ. ತೊಟ್... ತೊಟ್... ಅವನ ಮೈಯಿಂದಲೂ ನೀರು. ಬೆಳಕಿಗೆ ಬಂದದ್ದು ಎರಡು ಕೈ ಮಾತ್ರ. ಬೆಳ್ಳಗೆ, ಸುಕ್ಕು ಸುಕ್ಕು. ಒತ್ತಿದ. ಕಟಕ್... ಪಕ್ಕೆಲುಬು.

"ಮುರೀತಾ?"

"ಮುರೀಲಿ. ನಿಲ್ಸ್ಬೇಡಿ."

ಅವನು ಒತ್ತಿದ, ಇವಳು ಊದಿದಳು. ಆಮೇಲೆ ಇವಳು ಒತ್ತಿದಳು. ಮತ್ತೆ ಅವನು. ಬದಲಿಸುವಾಗ ಒಮ್ಮೆ ಕೈ ತಾಗಿತು. ಮಂಜುಗಡ್ಡೆಯಲ್ಲಿಟ್ಟ ಬಂಗಡೆಯಷ್ಟು ತಣ್ಣಗಿತ್ತು.

ಒತ್ತುತ್ತಲೇ, ಬಹಳ ಮೆಲ್ಲಗೆ, ಅವನು ಕೇಳಿದ.

"ಮತ್ತೆ... ನಂಗೆ ಎಂತಕ್ಕೆ ಹೊಟ್ಟೆ ಒತ್ತಿದ್ರು, ಚಂದನಾ?"

ಆಗ ದನಿಯ ಗುರುತು ಸಿಕ್ಕಿತು. ದುರ್ಗಪ್ಪ. ಅದೇ ಕೇರಿಯವ, ಎಲ್ಲರಿಗೂ ಚಿಕ್ಕಮ್ಮನಂತಿರುವ ಚಂಪಾ ಮಾವಶಿಯ ಒಬ್ಬನೇ ಮಗ. ಮಳೆಗಾಲದಲ್ಲಿ ದೋಣಿಯಿಂದ ಬಿದ್ದವನನ್ನು ಬೇಗನೇ ದಡಕ್ಕೆ ತಂದಿದ್ದರು. ಮಗುಚಿದ ದೋಣಿಯ ಮೇಲೆ ಮಲಗಿಸಿ, ಕೇರಿಯ ಗಂಡಸರೆಲ್ಲ ಸರದಿಯಲ್ಲಿ ಹೊಟ್ಟೆ ಅಮುಕಿದ್ದರು. ಅವನು ಏಳಲಿಲ್ಲ.

ಚಂದನಾ ತಲೆ ಎತ್ತಲಿಲ್ಲ. ಎತ್ತಿದ್ದರೆ ಓಡಿಬಿಡುತ್ತಿದ್ದಳು. ಓಡಿದ್ದರೆ ದತ್ತಾ ಹೋದಂತೆಯೇ. ಕಣ್ಣನ್ನು ದತ್ತಾನ ಎದೆಯ ಮೇಲೇ ನೆಟ್ಟುಕೊಂಡಳು.

"ಯಾರಿಗೂ ಗೊತ್ತಿರ್ಲಿಲ್ಲ, ದಾದಾ..."

ಅವನ ಕೈ ನಿಲ್ಲಲಿಲ್ಲ.

ಗೊಳಕ್! ದತ್ತಾನ ಬಾಯಿಂದ ನೀರು ಬಂತು. ಕೆಮ್ಮಿದ. ಮತ್ತೆ ಕೆಮ್ಮಿದ. ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ತನ್ನ ವೇಲ್ ಹೊದಿಸಿ ನೋಡುತ್ತಾಳೆ... ಎದುರಿಗೆ ಯಾರೂ ಇಲ್ಲ. ದೂರದಲ್ಲಿ ಅಂಬುಲೆನ್ಸಿನ ಸೈರನ್.

ದತ್ತಾ ಬದುಕಿದ. ಈಗಲೂ ಜೋರಾಗಿ ನಕ್ಕರೆ ಎದೆ ಹಿಡಕೊಳ್ಳುತ್ತಾನೆ, ಅಷ್ಟೇ. ಚಂದನಾ ಆಸ್ಪತ್ರೆಯಲ್ಲೇ ಬೆಳಗು ಮಾಡಿದಳು. ಅವನ ಹೆಂಡತಿ ಸುನೀತಾ ಕಾಲಿಗೆ ಬೀಳಲು ಬಂದರೂ ಇನ್ನೊಬ್ಬನಿದ್ದ ಎಂದು ತುಟಿ ಬಿಚ್ಚಲಿಲ್ಲ. ಹೇಳಿದರೆ ನಂಬುವವರು ಯಾರು? ನಿದ್ದೆಗೆಟ್ಟ ಹುಡುಗಿ ಅನ್ನುತ್ತಾರೆ.

ಬೆಳಿಗ್ಗೆ ಬಸ್ಸಿಳಿದು ಮನೆ ಕಡೆ ಕಾಲೆಳೆಯುತ್ತಿದ್ದಳು. ಚಂಪಾ ಮಾವಶಿ ಅಂಗಳದಲ್ಲಿ ಒಣಮೀನು ಹರಡುತ್ತಿದ್ದವಳು ಹತ್ತಿರ ಕರೆದಳು. ಅಳುವಿಲ್ಲ, ಗಾಬರಿಯಿಲ್ಲ.

"ರಾತ್ರಿ ದುರ್ಗಪ್ಪ ಬಂದಿದ್ದ, ಮಗಾ. ಕೈ ಸೋತದೆ ಅವ್ವಾ ಅಂದ. ಎಣ್ಣೆ ಬಿಸಿ ಮಾಡಿ ತಿಕ್ಕಿ ಕಳಿಸ್ದೆ."

ಸುಳ್ಳಲ್ಲ. ಆ ಎಣ್ಣೆ ಬಟ್ಟಲನ್ನು ನಾನೇ ನೋಡಿದ್ದೇನೆ. ಒಲೆಯ ಪಕ್ಕ ಇತ್ತು... ತಳದಲ್ಲಿ ಒಂದಿಷ್ಟು ಮರಳು ಕೂತಿತ್ತು.