ಸರ್ವರ್ ರೂಮಲ್ಲಿ ಕೆಮ್ಮಿದ್ದು ಯಾರು

ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ನಗೋದಾದ್ರೆ ಈಗಲೇ ನಕ್ಕುಬಿಡಿ.

ಅಕ್ಕ ಒಂದು ಆಸ್ಪತ್ರೆಯಲ್ಲಿ ಸರ್ವರ್ ನೋಡ್ಕೋತಾಳೆ. ಆವತ್ತು ಕೆಲಸ ಮುಗಿಯೋಷ್ಟರಲ್ಲಿ ರಾತ್ರಿ ತುಂಬಾ ಹೊತ್ತಾಗಿತ್ತು. ಕರ್ಕೊಂಡು ಹೋಗೋಕೆ ಭಾವ ಬಂದಿದ್ರು. ಹಿಂದಿನ ಗೇಟಿನ ಹತ್ತಿರ ಒಂದು ಹಾಳುಬಾವಿ. ಅಲ್ಲಿ ಭಾವ ಯಾವಾಗ್ಲೂ ಅಕ್ಕನ್ನ ಬಾವಿ ಕಡೆ ಬಿಟ್ಟು, ತಾವು ಗೋಡೆ ಕಡೆ ನಡೀತಾರೆ... ಅವರ ಧೈರ್ಯ ಅಷ್ಟೇ. ಬಾವಿ ದಾಟ್ತಿದ್ದ ಹಾಗೇ ಇಡೀ ಆಸ್ಪತ್ರೆಯ ಕರೆಂಟು ಒಮ್ಮೆ ಹೋಗಿ ಬಂತು. ಹಿಂದೇನೇ ನರ್ಸಿನ ಫೋನು.

"ಮೇಡಂ, ಸ್ಕ್ರೀನಲ್ಲಿ ಏನೂ ಬರ್ತಿಲ್ಲ. ಆಪರೇಷನ್ನಿಗೆ ಮಗು ಮಲಗಿಸಿದ್ದಾರೆ. ಅದಕ್ಕೆ ಯಾವ ಔಷಧ ಆಗಲ್ಲ ಅನ್ನೋದು ಅದರಲ್ಲೇ ಇರೋದು."

ಅಕ್ಕ ವಾಪಸ್ ಓಡಿದ್ಲು.

ನಾಲ್ಕು ಮೆಷಿನ್, ನಾಲ್ಕಕ್ಕೂ ಸೇರಿ ಒಂದೇ ಡಿಸ್ಕು. ಫ್ಯಾನು ಗುಂಯ್... ಅಂತ ಏರೋದು, ಟಿಕ್ ಅನ್ನೋದು, ನಿಂತುಬಿಡೋದು. ನೋಡಿದ್ರೆ, ಆ ಡಿಸ್ಕನ್ನ ಓದಿಸೋಕೆ ಒಂದು ಚಿಕ್ಕ ಪ್ರೋಗ್ರಾಮ್ ಇರುತ್ತೆ, ಕರ್ನಲ್ ಮಾಡ್ಯೂಲ್ ಅಂತಾರೆ, ಅದನ್ನೇ ಯಾರೋ ಆಫ್ ಮಾಡಿಟ್ಟಿದ್ದಾರೆ. ಯಾರು ಅಂತ ಅಕ್ಕನಿಗೆ ತಕ್ಷಣ ಹೊಳೀತು. ಅವಳ ದೊಡ್ಡ ಸಾರ್. ಅದರ ಹಿಂದಿನ ಬೇಸಿಗೆಯಲ್ಲಿ ಏನೋ ರಿಪೇರಿ ಅಂತ ಕೂತವರು, ಅರ್ಧದಲ್ಲೇ ಎದೆ ಹಿಡ್ಕೊಂಡು ಅದೇ ರೂಮಲ್ಲಿ ತೀರ್ಕೊಂಡಿದ್ರು. ಓಡ್ತಿರೋ ಮೆಷಿನ್ನಿಗೆ ಮಾಡ್ಯೂಲ್ ಆಫ್ ಆಗಿರೋದು ಗೊತ್ತಾಗಲ್ಲ. ಒಮ್ಮೆ ನಿಂತು ಮತ್ತೆ ಶುರುವಾಗೋವಾಗಲೇ ಗೊತ್ತಾಗೋದು. ಅವರು ಹೋದಮೇಲೆ ಮೆಷಿನ್ ನಿಂತಿದ್ದು ಅದೇ ಮೊದಲು.

ಅಕ್ಕ ಮಾಡ್ಯೂಲ್ ಆನ್ ಮಾಡಿ ಸ್ಟಾರ್ಟ್ ಒತ್ತಿದ್ಲು. ಗುಂಯ್... ಟಿಕ್. ಸೆಟ್ಟಿಂಗ್ ತೆಗೆದು ನೋಡಿದ್ರೆ ಮತ್ತೆ ಆಫ್. ಇನ್ನೊಂದ್ಸಲ ಮಾಡಿದ್ಲು. ಮತ್ತೆ ಆಫ್.

ಆಗ ಕೇಳಿಸ್ತು. ಕೊನೆ ಮೆಷಿನ್ನಿನ ಹಿಂದಿಂದ ಕೀಬೋರ್ಡ್ ಸದ್ದು. ಟಕ್ ಟಕ್... ಟಕ್. ಆಮೇಲೆ, ಗಂಟಲು ಸರಿಮಾಡ್ಕೊಂಡ ಹಾಗೆ ಒಂದು ಕೆಮ್ಮು.

ಬಾಗಿಲಲ್ಲಿ ನಿಂತಿದ್ದ ಭಾವ ಪಿಸುಗುಟ್ಟಿದ್ರು. "ಒಳಗೆ ಇನ್ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ... ಕೆಮ್ಮಿದ್ದು?"

ನರ್ಸಿನ ಫೋನು ಮತ್ತೆ ಬಡ್ಕೋತಿತ್ತು. ಅಕ್ಕ ಆ ಕಡೆ ತಿರುಗದೇನೇ ಹೇಳಿದ್ಲು. "ಸಾರ್... ಅಲ್ಲಿ ಮಗು ಮಲಗಿದೆ. ಉಳಿದ ರಿಪೇರಿ ನಾನು ಮಾಡ್ತೀನಿ. ಇನ್ನು ಬಿಡಿ, ಸಾರ್."

ಸದ್ದು ನಿಂತಿತು. ಫ್ಯಾನೂ ಇಲ್ಲ, ಉಸಿರೂ ಇಲ್ಲ... ಕಿವಿ ಪಕ್ಕದಲ್ಲೇ ದೊಡ್ಡ ಸಾರ್ ಅವರದೇ ದನಿ.

"ಒಂದ್ನಿಮಿಷ ಇರಮ್ಮ."

ಟಕ್.

ನೋಡಿದ್ರೆ ಮಾಡ್ಯೂಲ್ ಆನ್. ಅಕ್ಕ ಸ್ಟಾರ್ಟ್ ಒತ್ತಿದ್ಲು. ಗುಂಯ್... ಈ ಸಲ ನಿಲ್ಲಲಿಲ್ಲ. ಒಂದಾದ ಮೇಲೊಂದು ನಾಲ್ಕೂ ಎದ್ದವು. ಮಗು ಉಳೀತು. ಈಗ ಶಾಲೆಗೆ ಹೋಗುತ್ತೆ.

ಭಾವನೇ ಕೊನೆ ಮೆಷಿನ್ನಿನ ಹಿಂದೆ ಇಣುಕಿದ್ರು. ಯಾರೂ ಇಲ್ಲ. ಒಂದು ಖಾಲಿ ಕುರ್ಚಿ. ಆ ರೂಮಿನ ಎಸಿಗೆ ಕೈ ಮರಗಟ್ಟಿಹೋಗುತ್ತೆ, ಗೊತ್ತಾ... ಕುರ್ಚಿಯ ಸೀಟು ಮಾತ್ರ ಬೆಚ್ಚಗಿತ್ತು.

ಕಟ್ಟಿ ಹೇಳ್ತಿಲ್ಲ. ಬೇಕಾದ್ರೆ ಭಾವನ್ನೇ ಕೇಳಿ, ಮುಟ್ಟಿ ನೋಡಿದ್ದು ಅವರೇ.