ವಾಕ್ಯ ಹೇಳಿದವರಿಗೆ ಸಾರು

೨೦೦೨ರ ಮಾತು. ಚೆನ್ನೈನ ಕೀಲ್ಪಾಕ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಪ್ರೇಮಮ್ಮನ ಕಿವಿ ಕನ್ನಡ ಕೇಳಿದ್ದೇ ಚುರುಕಾಯಿತು. ಪಕ್ಕದಲ್ಲಿ ನಡುವಯಸ್ಸಿನ ಅಕ್ಕ, ತಮ್ಮ.

“ಅಪ್ಪ ಗುರುತು ಹಿಡಿದ್ರಾ ಅಕ್ಕಾ?”

“ಇಲ್ಲ ಕಣೋ. ನರ್ಸ್ ಅಂದ್ಕೊಂಡ್ರು.”

“ಮೈಲಾಪೂರ್ ಮನೇಲಿ ಅಪ್ಪ ಇಂಗ್ಲಿಷಿನ ರೆಫರ್, ಪ್ರಿಫರ್, ಇನ್‌ಫರ್‌ಗೆ ಒಂದೊಂದು ವಾಕ್ಯ ಹೇಳದೆ ಸಾರೇ ಬಡಿಸ್ತಿರಲಿಲ್ಲ!”

“ಎಲ್ಲಾ ಒಬ್ಬಳೇ ಲ್ಯಾಟಿನ್ ತಾಯಿಯ ಮಕ್ಕಳು, ‘ಫರ್’ ಅಂದ್ರೆ ಹೊರೋದು, ಹೊರೋದೇ ಅವುಗಳ ಕೆಲಸ ಅಂತಿದ್ರು. ಇನ್‌ಫರ್ ಬರದೆ ನೀನು ಎಷ್ಟು ದಿನ ಬರೀ ಅನ್ನ ತಿಂದೆಯೋ!”

“ಇವತ್ತು ಸಾರು ಕುಡಿದ್ರಾ?”

“ಚಮಚ ತುಟಿಗಿಟ್ರೂ ಬಾಯಿ ಬಿಡಲಿಲ್ಲ. ಕೊನೆಗೆ ‘ಐ ಪ್ರಿಫರ್ ರಸಂ ಟು ಸಾಂಬಾರ್’ ಅಂದೆ. ತಕ್ಷಣ ಬಾಯಿ ತೆರೆದ್ರು.”

ತಮ್ಮ ಅಕ್ಕನ ಕೈಯಿಂದ ಉಳಿದ ಸಾರಿನ ಕ್ಯಾರಿಯರ್ ಇಸ್ಕೊಂಡು, “ಇನ್‌ಫರ್... ಇನ್‌ಫರ್...” ಎಂದು ಗೊಣಗುತ್ತಾ ವಾರ್ಡಿನ ಕಡೆ ನಡೆದ.