ಕದಡದ ನೀರು

"ಹಲೋ... ಹಲೋ, ಯಾರು ಮಾತಾಡ್ತಿರೋದು? ಹೊಸ ನಂಬರು... ಹಾಂ, ಡಾಕ್ಟರ್ ಲಾವಾಲಿ ಅವ್ರಾ? ಕೊನೆಗೂ ಸಿಕ್ಕಿದ್ರಲ್ಲ! ನಾನು ಬಲ್ಕೀಸಾ, ಆಸ್ಪತ್ರೆ ಪ್ರಯೋಗಾಲಯದಿಂದ. ನಿನ್ನೆಯಿಂದ ಎಷ್ಟು ಸಲ ಮಾಡಿದೀನಿ ಗೊತ್ತಾ?... ಡೋಲಿನ ಸದ್ದಲ್ಲಿ ಏನೂ ಕೇಳಿಸ್ತಿಲ್ಲ. ಮದುವೆ ಚಪ್ಪರದಿಂದ ಒಂಚೂರು ಆಚೆ ಬನ್ನಿ."

ಬಲ್ಕೀಸಾ ಕಿಟಕಿ ಮುಚ್ಚಿದಳು. ಮಾರ್ಚ್ ತಿಂಗಳ ದೂಳು ಸೂಕ್ಷ್ಮದರ್ಶಕದ ಮೇಲೆಲ್ಲ ಕೂತಿತ್ತು.

"...ಗುರುವಾರ ಒಂದು ಹುಡುಗಿ ಬಂದಿದ್ಲು. ಏಳು ವರ್ಷ. ದೆಲೂ ಅಂತ... ನೆನಪಿಲ್ವಾ? ಕತ್ತು ಬಗ್ಗಿಸೋಕಾಗ್ದೆ ಅಳ್ತಿದ್ಲು. ನೀವೇ ಅಲ್ವಾ ಪರೀಕ್ಷೆಗೆ ಅಂತ ಅವಳ ಬೆನ್ನುಮೂಳೆಯಿಂದ ನೀರು ತೆಗೆದದ್ದು?"

"...ಹಾಂ, ಅವಳೇ. ಹೋಗ್ಬಿಟ್ಲು, ಡಾಕ್ಟ್ರೇ. ನಿನ್ನೆ ಬೆಳಗಿನ ಜಾವ."

"...'ಅಲ್ಲಾನ ಇಚ್ಛೆ'ನಾ? ಥೂ! ಅವನ ತಲೆ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಆ ನಳಿಕೆ ಎತ್ತಿ ಬೆಳಕಿಗೆ ಹಿಡಿದು ನೋಡಿದ್ದು ನೀವು. 'ನೀರು ತಿಳಿಯಾಗಿದೆ, ಮಿದುಳು ಜ್ವರ ಅಲ್ಲ' ಅಂತ ಬರೆದು ಮನೆಗೆ ಕಳಿಸಿದ್ದೂ ನೀವು. ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗಿದೆ."

"...ಹೌದು, ನಾನಿರ್ಲಿಲ್ಲ. ಹಳ್ಳಿಗಳಿಗೆ ಲಸಿಕೆ ಹಾಕೋಕೆ ಹೋಗಿದ್ದೆ. ಸೂಕ್ಷ್ಮದರ್ಶಕ ಇತ್ತಲ್ಲ? ಅದನ್ನೇನು ಜೊತೇಲಿ ಹೊತ್ಕೊಂಡು ಹೋಗಿದ್ನಾ?"

"...ನಿನ್ನೆ ಮಧ್ಯಾಹ್ನ ಬಂದು ಅದೇ ನೀರನ್ನ ನಾನು ನೋಡ್ದೆ. ಬಿಳಿ ರಕ್ತಕಣ ನಾಲ್ಕೋ ಐದೋ, ಅಷ್ಟೇ. ರೋಗಾಣು ಮಾತ್ರ ಜೋಡಿಜೋಡಿಯಾಗಿ, ಸಜ್ಜೆ ಚೆಲ್ಲಿದ ಹಾಗೆ! ಹೇಸಿಗೆ ಆಗಿಹೋಯ್ತು ನಂಗೆ... ರೋಗಾಣು ನೋಡಿ ಅಲ್ಲ ಸ್ವಾಮೀ. ಅದು ಅದರ ಕೆಲಸ ಮಾಡ್ತು."

"...ಕೇಳಿ ಇಲ್ಲಿ. ರೋಗಾಣು ಮಿದುಳಿಗೆ ನುಗ್ಗಿದ್ರೆ ಮೈ ಕೂಗು ಹಾಕ್ಬೇಕು, ಅಲ್ವಾ? ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ಬೇಕು. ಆ ಕೂಗಿಗೆ ಬಿಳಿಕಣ ಓಡಿ ಬಂದ್ರೆ ತಾನೇ ನೀರು ಕದಡೋದು? ಜ್ವರ ಏರೋದು? ಈ ಮಕ್ಕಳ ಮೈಯಲ್ಲಿ ಕೂಗೇ ಏಳಲ್ಲ ಅನ್ಸತ್ತೆ. ಕಳ್ಳ ಒಳಗೆ ಬಂದ್ರೂ ಊರು ಮಲಗೇ ಇರತ್ತೆ. ಅದಕ್ಕೇ ನೀರು ತಿಳಿ, ಮೈ ತಣ್ಣಗೆ..."

"...'ಮಕ್ಕಳ' ಅಂದ್ನಾ? ಹಾಂ, ಅಂದೆ. ಅವಳ ತಮ್ಮ ಚಾಹೀರು. ನಾಲ್ಕು ವರ್ಷ. ಅಕ್ಕನ್ನ ಮಣ್ಣು ಮಾಡಿದ ದಿನವೇ ಅವನ್ನೂ ಎತ್ಕೊಂಡು ಬಂದ್ಲು ತಾಯಿ. ವಾಂತಿ, ಕತ್ತು ಕಟ್ಟಿಗೆ. ಜ್ವರ ಇಲ್ಲ. ಅವನ ನೀರೂ ಹಾಗೇ. ಎರಡು ವರ್ಷದ ಹಿಂದೆ ಅವರ ಹಿರೀಮಗಳೂ ಜ್ವರವೇ ಇಲ್ದೆ ಹೀಗೇ ಹೋದಳಂತೆ. ನೀವು ಕೇಳಿದ್ರಾ ಅದನ್ನ? ಒಂದು ಮಾತು?"

ಆಚೆಯ ದನಿ ಏರಿತು. ಬಲ್ಕೀಸಾ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು.

"...ಹೌದು, ಅವನಿಗೆ ಸೂಜಿ ಹಾಕ್ಸಿದೀನಿ. ನಿಮ್ಮ ಅಪ್ಪಣೆ ಇಲ್ದೆಯೇ. ನರ್ಸ್ ರಬೀ ಹಾಕಿದ್ಲು, ನಿನ್ನೆ ಸಂಜೆಯಿಂದ ಮೂರು ಸಲ... ದೂರು ಕೊಡಿ, ಧಾರಾಳವಾಗಿ ಕೊಡಿ. ಹುಡುಗನ ರಕ್ತ ಪರೀಕ್ಷೆಗೆ ಅಂತ ರಾಜಧಾನಿಗೆ, ನಿಯಾಮೆಗೆ ಕಳಿಸಿದೀನಿ. ದೂರೂ ಅದೇ ಬಸ್ಸಲ್ಲಿ ಹೋಗ್ಲಿ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಕ್ಕಳ ತಾಯಿ ಹಬ್ಸತು. ಮಗ ಕಣ್ಣು ಬಿಟ್ಟಿದ್ದಾನೆ, ಮಜ್ಜಿಗೆಯಲ್ಲಿ ಕದಡಿದ ಸಜ್ಜೆಹಿಟ್ಟು ಕೇಳುತ್ತಿದ್ದಾನೆ, ಕೊಡಬಹುದೇ ಎಂದಳು. ಅವಳ ಕಣ್ಣುಗಳು ಅತ್ತು ಅತ್ತು ಬತ್ತಿಹೋಗಿದ್ದವು. ಬಲ್ಕೀಸಾ ಫೋನಿಗೆ ಕೈ ಅಡ್ಡ ಹಿಡಿದಳು. ಕೊಡಬಹುದು, ಗುಟುಕು ಗುಟುಕಾಗಿ, ಎಂದು ತಲೆಯಾಡಿಸಿದಳು. ಆದರೆ ಹಬ್ಸತು ಹೋಗಲಿಲ್ಲ. ಫೋನಿನ ಆಚೆ ಇರುವುದು ಯಾವ ಡಾಕ್ಟರೆಂದು ಅವಳಿಗೆ ತಿಳಿದುಹೋಗಿತ್ತು.

"...ಹಾಂ, ಇದೀನಿ. ಹುಡುಗ ಊಟ ಕೇಳ್ತಿದಾನೆ... ಏನಂದ್ರಿ?... ಇನ್ನೊಂದ್ಸಲ ಹೇಳಿ... ಆ ಹಾಳೆ ಹರಿದು, 'ನಳಿಕೆ ಒಡೆದುಹೋಯ್ತು, ಪರೀಕ್ಷೆ ಆಗ್ಲಿಲ್ಲ' ಅಂತ ಬರೀಬೇಕಾ? ನಾನಾ?"

"...ತಂಗಿ ಗಿಂಗಿ ಅನ್ಬೇಡಿ! ಮೈ ಮೇಲೆ ಹಲ್ಲಿ ಬಿದ್ದ ಹಾಗಾಗತ್ತೆ. ತಪ್ಪು ಯಾರಿಗೂ ಆಗತ್ತೆ ಡಾಕ್ಟ್ರೇ, ನಂಗೂ ಆಗಿದೆ. ಜ್ವರ ಇಲ್ಲ, ನೀರು ತಿಳಿ, ಮೋಸಹೋದ್ರಿ. ಹಾಗಂತ ಹೇಳಿದ್ರೆ ಜೊತೇಲಿ ಕೂತು ಅಳ್ತಿದ್ದೆ. ಹುಡುಗ ಬದುಕ್ತಾನಾ ಅಂತ ಒಂದ್ಸಲ ಕೇಳಿದ್ರಾ? ಹಾಳೆ ಬಗ್ಗೆ ಕೇಳ್ತಿದೀರಲ್ಲ... ಅಸಹ್ಯ ಕಣ್ರೀ, ಅಸಹ್ಯ."

"...ಇಲ್ಲ, ಹರಿಯಲ್ಲ. ನಾನು ಕಂಡದ್ದನ್ನ ಅದರ ಕೆಳಗೇ ಬರೆದು ರುಜು ಹಾಕಿದೀನಿ. ಅವರ ಮನೇಲಿ ಇನ್ನೊಂದು ಎದೆಗೂಸಿದೆ. ಜ್ವರ ಇಲ್ಲ ಅಂತ ನಾಳೆ ಇನ್ಯಾರೋ ಅದನ್ನೂ ಮನೆಗೆ ಕಳಿಸ್ಬಾರ್ದು."

"...ತಾಯಿಗಾ? ತಾಯಿಗೆ ಗೊತ್ತಾ ಅಂತನಾ?"

ಬಲ್ಕೀಸಾ ತಲೆಯೆತ್ತಿ ನೋಡಿದಳು. ಹಬ್ಸತು ಆಗಲೇ ಕೈ ಚಾಚಿದ್ದಳು.

"...ಇಲ್ಲೇ ಇದಾರೆ. ಎಲ್ಲಾ ಕೇಳಿಸ್ಕೊಂಡಿದಾರೆ. ಕೊಡ್ತೀನಿ, ತಡೀರಿ."

ಹಬ್ಸತು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ದನಿ ಏರಿಸಲಿಲ್ಲ.

"ಡಾಕ್ಟ್ರಪ್ಪಾ... ಏನೂ ಇಲ್ಲ ಅಂದ್ರಲ್ಲ ನೀವು, ಅದನ್ನ ನಂಬಿ ಅವತ್ತು ಮಗೂನ ಬೈದೆ ನಾನು. ಸುಮ್ನೆ ನಾಟಕ ಆಡ್ಬೇಡ ಅಂತ ಗದರಿಸಿ, ಎಳ್ಕೊಂಡು, ಬಿಸಿಲಲ್ಲಿ ಮನೆವರೆಗೂ ನಡೆಸ್ಕೊಂಡು ಹೋ—"

ಅಷ್ಟರಲ್ಲಿ ಆಚೆಯವರು ಫೋನಿಟ್ಟರು.